ಬೆಟ್ಟದ ಊರಿಗೆ ಯಾವ ಆಂಟೆನಾ? ಯಾಗಿ, ಮಾಕ್ಸನ್, ಕ್ವಾಡ್‌ಗಳ ಗುಣ–ದೋಷ

ಮನೆ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಟಿವಿ ಆಂಟೆನಾ ಇದ್ದ ಕಾಲ ನೆನಪಿರುವವರಿಗೆ ಈ ವಿಷಯ ಪೂರ್ತಿ ಹೊಸದಲ್ಲ. ಒಬ್ಬರು ಹೆಂಚಿನ ಮೇಲೆ ಹತ್ತಿ ಕಂಬ ತಿರುಗಿಸೋದು, ಇನ್ನೊಬ್ಬರು ಅಂಗಳದಲ್ಲಿ ನಿಂತು "ಬಂತು, ಬಂತು... ಅಯ್ಯೋ ಹೋಯ್ತು" ಅಂತ ಕೂಗೋದು. ಆ ಆಂಟೆನಾ ಸರಿಯಾದ ದಿಕ್ಕಿಗೆ ಮುಖ ಮಾಡಿದಾಗ ಮಾತ್ರ ಚಿತ್ರ ಹಿಡಿಯುತ್ತಿತ್ತು. ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು, ಈಗಲೂ ಬಳಸುತ್ತಿರುವುದು ಅದೇ ಜಾತಿಯ ಆಂಟೆನಾಗಳನ್ನು.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ರಸ್ತೆ, ಕರೆಂಟು, ಫೋನು ಮೂರೂ ಹೋದ ಊರುಗಳ ಜನ ಈ ಪ್ರಶ್ನೆ ಕೇಳಲಿಕ್ಕಿಲ್ಲ. 2004ರ ಡಿಸೆಂಬರ್‌ನಲ್ಲಿ ಹ್ಯಾಮ್ ಪ್ರಸಾರಕ್ಕೆಂದು ಅಂಡಮಾನ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ತಂಡದವರು, 26ರಂದು ಸುನಾಮಿ ಬಡಿದ ಮೇಲೆ ಅದೇ ರೇಡಿಯೊದಿಂದ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದರು. ಇಂಥ ಹೊತ್ತಿನಲ್ಲಿ ಕೈಯಲ್ಲಿರೋದು ಸಾಮಾನ್ಯವಾಗಿ 5 ವ್ಯಾಟ್‌ನ ಹ್ಯಾಂಡ್‌ಸೆಟ್ ಮತ್ತು ಒಂದು ಬ್ಯಾಟರಿ. ಇರುವ ಅಷ್ಟು ಶಕ್ತಿಯನ್ನು ಎಲ್ಲಾ ಕಡೆ ಚೆಲ್ಲದೆ ಬೇಕಾದ ಕಡೆಗೆ ಕಳಿಸೋದೇ ದಿಕ್ಕಿನ ಆಂಟೆನಾದ ಕೆಲಸ. ಟಾರ್ಚಿನ ಬಲ್ಬಿನ ಹಿಂದೆ ಹೊಳೆಯುವ ಬಟ್ಟಲು ಇಟ್ಟ ಹಾಗೆ. ಬಲ್ಬು ಅದೇ, ಬೆಳಕು ಮಾತ್ರ ಒಂದೇ ಕಡೆ.

ಲೆಕ್ಕ ಡೆಸಿಬಲ್‌ನಲ್ಲಿ. 3 ಡೆಸಿಬಲ್ ಹೆಚ್ಚಾದರೆ ಶಕ್ತಿ ಎರಡು ಪಟ್ಟು, 6 ಆದರೆ ನಾಲ್ಕು ಪಟ್ಟು ಆದ ಹಾಗೆ.

ಎಲ್ಲರಿಗೂ ಗೊತ್ತಿರುವ ಆಕಾರ ಯಾಗಿಯದು. ಜಪಾನಿನ ಸೆಂಡೈ ನಗರದ ವಿಶ್ವವಿದ್ಯಾಲಯದಲ್ಲಿ ಶಿಂಟಾರೊ ಉಡಾ ಮತ್ತು ಹಿಡೆತ್ಸುಗು ಯಾಗಿ 1926ರ ಹೊತ್ತಿಗೆ ರೂಪಿಸಿದ್ದು. ಹೆಚ್ಚು ಕೆಲಸ ಮಾಡಿದವರು ಉಡಾ, ಹೆಸರು ಉಳಿದಿದ್ದು ಯಾಗಿಯವರದು. ಕೇಬಲ್ ಸೇರುವುದು ಒಂದೇ ಕಡ್ಡಿಗೆ. ಅದರ ಹಿಂದಿನ ತುಸು ಉದ್ದದ ಕಡ್ಡಿ ಅಲೆಯನ್ನು ಮುಂದಕ್ಕೆ ತಳ್ಳುತ್ತದೆ, ಮುಂದಿನ ಗಿಡ್ಡ ಕಡ್ಡಿಗಳು ಎಳೆದುಕೊಳ್ಳುತ್ತವೆ. ನಮ್ಮಲ್ಲಿ ಹ್ಯಾಮ್‌ಗಳ 2 ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. ಅದಕ್ಕೆ ಹಿಂದಿನ ಕಡ್ಡಿ ಸುಮಾರು 103 ಸೆಂ.ಮೀ., ನಡುವಿನದು 98, ಮುಂದಿನದು 92ರ ಆಸುಪಾಸು ಬರುತ್ತದೆ. ಕಡ್ಡಿಯ ದಪ್ಪ ನೋಡಿ ಅಳತೆ ಸ್ವಲ್ಪ ಆಚೀಚೆ ಆಗುತ್ತದೆ. ಇಂಥ ಮೂರು ಕಡ್ಡಿಯ ಯಾಗಿ, ಸಾದಾ ಡೈಪೋಲ್‌ಗಿಂತ 5–6 ಡೆಸಿಬಲ್ ಹೆಚ್ಚು ಕೊಡುತ್ತದೆ. ಅಂದರೆ 5 ವ್ಯಾಟ್ ಸೆಟ್ಟು ಮುಂದಿನ ದಿಕ್ಕಿಗೆ 16–20 ವ್ಯಾಟ್‌ನ ಹಾಗೆ ಕೇಳಿಸುತ್ತದೆ. ಕಡ್ಡಿ ಹೆಚ್ಚಿಸಿದಷ್ಟೂ ಜೋರು ಹೆಚ್ಚು, ಆದರೆ ಅದು ಹೋಗುವ ಗೆರೆ ಅಷ್ಟೇ ಸಪೂರ. ಜೋರುಗಾಳಿಗೆ ಕಂಬ ತುಸು ತಿರುಗಿದರೂ ಗುರಿ ತಪ್ಪುತ್ತದೆ.

ಮಾಕ್ಸನ್ ಅನ್ನುವುದು ಇಂಗ್ಲೆಂಡಿನ ಹ್ಯಾಮ್ ಲೆಸ್ ಮಾಕ್ಸನ್ ಹೆಸರಿನದು. ಎರಡೇ ಕಡ್ಡಿಗಳು, ತುದಿಗಳನ್ನು ಒಂದಕ್ಕೊಂದು ಎದುರಾಗಿ ಮಡಚಿದಾಗ ಆಯತದ ಚೌಕಟ್ಟು. ತುದಿ ಮಾತ್ರ ಮುಟ್ಟಬಾರದು, ಅಲ್ಲಿನ ಸಣ್ಣ ಸಂದು ಸರಿಯಿಲ್ಲದಿದ್ದರೆ ಆಂಟೆನಾ ಕೆಟ್ಟಂತೆಯೇ. 145 ಮೆಗಾಹರ್ಟ್ಸ್‌ಗೆ ಸುಮಾರು 73 ಸೆಂ.ಮೀ. ಉದ್ದ, 27 ಸೆಂ.ಮೀ. ಅಗಲ. ಬಾಲ್ಕನಿಯಲ್ಲೂ ಹಿಡಿಯುತ್ತದೆ. ಜೋರಿನಲ್ಲಿ ಮೂರು ಕಡ್ಡಿಯ ಯಾಗಿಗಿಂತ ತುಸು ಕಡಿಮೆ. ಇದರ ನಿಜವಾದ ಗುಣ ಬೆನ್ನಿನ ಕಡೆ ಇದೆ: ಹಿಂದಿನಿಂದ ಬರುವ ಸದ್ದು ಇದಕ್ಕೆ ಕೇಳಿಸುವುದೇ ಇಲ್ಲ ಅನ್ನಬಹುದು. ಪೇಟೆ ಬೀದಿಯ ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್‌ಗಳು ರೇಡಿಯೊದಲ್ಲಿ ಗೊರಗೊರ ಎಬ್ಬಿಸುತ್ತವೆ. ಆಂಟೆನಾದ ಬೆನ್ನನ್ನು ಪೇಟೆಗೆ ಮಾಡಿ, ಮುಖವನ್ನು ಬೆಟ್ಟದ ರಿಪೀಟರ್‌ಗೆ ಮಾಡಿದರೆ ಎಷ್ಟೋ ಸಮಾಧಾನ. ಮುಂದಿನ ಹರವೂ ಅಗಲವಾದ್ದರಿಂದ ಹತ್ತಿಪ್ಪತ್ತು ಡಿಗ್ರಿ ತಪ್ಪಿದರೂ ನಡೆಯುತ್ತದೆ. ಪೇಟೆಯಲ್ಲಿ ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಕ್ವಾಡ್ ಹುಟ್ಟಿದ ಕಥೆ ಚೆನ್ನಾಗಿದೆ. ದಕ್ಷಿಣ ಅಮೆರಿಕದ ಕ್ವಿಟೊ ನಗರ ಇರುವುದು ಸುಮಾರು 2,850 ಮೀಟರ್ ಎತ್ತರದಲ್ಲಿ, ಗಾಳಿ ತೆಳು. ಅಲ್ಲಿನ ರೇಡಿಯೊ ಕೇಂದ್ರದ ಭಾರಿ ಶಕ್ತಿಗೆ ಯಾಗಿಯ ಕಡ್ಡಿಗಳ ತುದಿಯಲ್ಲಿ ಕಿಡಿ ಎದ್ದು ಲೋಹ ಸುಟ್ಟು ಉದುರುತ್ತಿತ್ತು. ಎಂಜಿನಿಯರ್ ಕ್ಲಾರೆನ್ಸ್ ಮೂರ್ 1942ರಲ್ಲಿ ತುದಿಯೇ ಇಲ್ಲದ ಆಂಟೆನಾ ಮಾಡಿದರು, ತಂತಿಯ ಚೌಕ. 2 ಮೀಟರ್ ಬ್ಯಾಂಡ್‌ಗೆ ಚೌಕದ ಒಂದು ಬದಿ 53 ಸೆಂ.ಮೀ. ಆಸುಪಾಸು. ಎರಡು ಚೌಕ ಹಿಂದೆ ಮುಂದೆ ಇಟ್ಟರೆ ಸುಮಾರು ಮೂರು ಕಡ್ಡಿಯ ಯಾಗಿಯಷ್ಟೇ ಬಲ. ಆದರೆ ಮೂರು ಆಯಾಮದ ಪಂಜರ. ನಮ್ಮ ಮಳೆಗಾಲದ ಗಾಳಿಗೆ, ಬಂದು ಬೀಳುವ ಸಿಲ್ವರ್ ಓಕ್ ಟೊಂಗೆಗೆ ಬಾಳಿಕೆ ಬರೋದು ಕಷ್ಟ.

ಲಾಗ್ ಪೀರಿಯಾಡಿಕ್ ಅಂತ ಇನ್ನೊಂದಿದೆ, ಹಲವು ಬ್ಯಾಂಡ್‌ಗೆ ಒಂದೇ ಆಂಟೆನಾ. ಕಡ್ಡಿ ಬಹಳ, ಉದ್ದಕ್ಕೆ ತಕ್ಕ ಜೋರಿಲ್ಲ. 2 ಮೀಟರ್ ಒಂದೇ ಸಾಕು ಅನ್ನುವವರಿಗೆ ದಂಡ.

ಅಟ್ಟದಲ್ಲಿರುವ ಹಳೇ ಟಿವಿ ಆಂಟೆನಾ ಹಾಗೇ ಸಿಕ್ಕಿಸಿದರೆ ಆಗಲ್ವಾ? ಆಗಲ್ಲ. ಅದರ ಅಳತೆ ಬೇರೆ ತರಂಗಕ್ಕೆ, ಕೇಬಲ್ ಲೆಕ್ಕ 75 ಓಮ್, ಹ್ಯಾಮ್ ಸೆಟ್ಟಿನದು 50 ಓಮ್. ಅದರ ಕಡ್ಡಿಗಳನ್ನು ಕತ್ತರಿಸಿ ಹೊಸ ಯಾಗಿ ಮಾಡಬಹುದು, ಅಲ್ಯೂಮಿನಿಯಂ ದುಡ್ಡು ಉಳೀತು. ಇನ್ನೊಂದು ಮಾತು: ಟಿವಿ ಆಂಟೆನಾದ ಕಡ್ಡಿಗಳು ಮಲಗಿರುತ್ತಿದ್ದವು. ಹ್ಯಾಂಡ್‌ಸೆಟ್, ರಿಪೀಟರ್‌ಗಳ ಅಲೆ ನಿಂತ ಅಲೆ. ಹಾಗಾಗಿ ಯಾಗಿ, ಮಾಕ್ಸನ್ ಎರಡನ್ನೂ ಎಬ್ಬಿಸಿ ನಿಲ್ಲಿಸಬೇಕು. ಮಲಗಿಸಿದರೆ 20 ಡೆಸಿಬಲ್‌ವರೆಗೂ ಹೋಗಬಹುದು, ಅಂದರೆ ನೂರರಲ್ಲಿ ಒಂದು ಪಾಲು ಉಳಿದೀತು. ನಿಂತ ಕಡ್ಡಿಗಳ ನಡುವೆ ಜಿಐ ಪೈಪಿನ ಕಂಬ ಹಾದರೂ ಆಂಟೆನಾ ಕೆಡುತ್ತದೆ. ಮೇಲಿನ ಒಂದೂವರೆ ಮೀಟರ್ ಪಿವಿಸಿ ಪೈಪ್ ಇರಲಿ.

ಹಣ ಹೆಚ್ಚಾಗಿ ಪೋಲಾಗೋದು ಕೇಬಲ್‌ನಲ್ಲಿ. ಸಪೂರದ ಆರ್‌ಜಿ-58 ಕೇಬಲ್ 20 ಮೀಟರ್ ಎಳೆದರೆ ಈ ತರಂಗದಲ್ಲಿ ಸುಮಾರು 4 ಡೆಸಿಬಲ್ ನುಂಗುತ್ತದೆ. ಸೆಟ್ಟಿನಿಂದ ಹೊರಟ 5 ವ್ಯಾಟ್‌ನಲ್ಲಿ ಮೇಲೆ ಮುಟ್ಟುವುದು 2. ಕಷ್ಟಪಟ್ಟು ಮಾಡಿದ ಯಾಗಿಯ ಲಾಭ ಮುಕ್ಕಾಲು ಪಾಲು ಅಲ್ಲೇ ಮುಗೀತು. ದಪ್ಪದ ಆರ್‌ಜಿ-213 ಆದರೆ 3 ವ್ಯಾಟ್‌ಗಿಂತ ಹೆಚ್ಚು ಮುಟ್ಟುತ್ತದೆ. ಎತ್ತರವೂ ಅಷ್ಟೇ ಮುಖ್ಯ. ಅಡ್ಡಿಯಿಲ್ಲದ ಬಯಲಲ್ಲಿ 10 ಮೀಟರ್ ಎತ್ತರದ ಆಂಟೆನಾಕ್ಕೆ ರೇಡಿಯೊ ದಿಗಂತ ಸುಮಾರು 13 ಕಿ.ಮೀ., 100 ಮೀಟರ್ ಎತ್ತರದಿಂದ 41 ಕಿ.ಮೀ.

ನಡುವೆ ಬೆಟ್ಟವೇ ಅಡ್ಡ ಇದ್ದರೆ? ಕೆಲವೊಮ್ಮೆ ಆಂಟೆನಾವನ್ನು ಊರಿನ ಕಡೆಗಲ್ಲ, ಪಕ್ಕದ ಬೋಳು ಬೆಟ್ಟದ ಕಡೆ ತಿರುಗಿಸಿದರೆ ಅಲೆ ಅಲ್ಲಿ ತಾಗಿ ಬರುವುದುಂಟು. ಅದೂ ಆಗದಿದ್ದರೆ ಈ ಆಂಟೆನಾಗಳನ್ನೆಲ್ಲ ಪಕ್ಕಕ್ಕಿಟ್ಟು 7 ಮೆಗಾಹರ್ಟ್ಸ್‌ಗೆ ಹೋಗಬೇಕು. ಸುಮಾರು 20 ಮೀಟರ್ ತಂತಿ, ನಡುವೆ ಕತ್ತರಿಸಿ ಕೇಬಲ್ ಸೇರಿಸಿ, ಎರಡು ಮರಗಳ ನಡುವೆ 5–8 ಮೀಟರ್ ಎತ್ತರದಲ್ಲಿ ಕಟ್ಟಿದರೆ ಅಲೆ ನೆತ್ತಿಯ ಮೇಲಕ್ಕೆ ಹೋಗಿ, ಆಕಾಶದ ಪದರಕ್ಕೆ ತಾಗಿ, ಕೆಲವು ನೂರು ಕಿ.ಮೀ. ಸುತ್ತಳತೆಯಲ್ಲಿ ಕೆಳಗಿಳಿಯುತ್ತದೆ. ಹಗಲು ಹೊತ್ತು ಮಡಿಕೇರಿಯಿಂದ ಬೆಂಗಳೂರಿಗೆ ಬೆಟ್ಟದ ಹಂಗಿಲ್ಲದೆ ಮಾತಾಡಲು ಇದೇ ದಾರಿ. ಖರ್ಚು ಎಲ್ಲಕ್ಕಿಂತ ಕಡಿಮೆ.

ಕಂಬ ಎಬ್ಬಿಸುವಾಗ ಕರೆಂಟ್ ಲೈನ್ ನೋಡಿ. ಕರಿಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಆಗುವ ಸಾವುಗಳ ಸುದ್ದಿ ತೋಟದ ಊರಿನವರಿಗೆ ಗೊತ್ತೇ ಇದೆ. ಕಂಬ ಯಾವ ಕಡೆ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು. ಕಂಬಕ್ಕೆ ಅರ್ಥಿಂಗ್ ಬೇಕೇ ಬೇಕು. ಗುಡುಗು ದೂರದಲ್ಲಿ ಕೇಳುವಾಗಲೇ ಸೆಟ್ಟಿನಿಂದ ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಹಾಕಿ.

ಹ್ಯಾಮ್ ತರಂಗದಲ್ಲಿ ಮಾತಾಡಲು ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು, 12 ವರ್ಷ ತುಂಬಿದವರು ಬರೆಯಬಹುದು. ಪರೀಕ್ಷೆಗೆ ಓದುತ್ತಲೇ ಮಾಕ್ಸನ್ ಚೌಕಟ್ಟು ಕಟ್ಟಿಟ್ಟುಕೊಂಡರೆ ಮುಂದಿನ ಜೂನ್ ಒಳಗೆ ಕಂಬದ ಕೆಲಸವಷ್ಟೇ ಬಾಕಿ.