ಬರಹ ಅಳಿಸಿದಾಗ ಕೇಳುವುದು ಯಾರನ್ನು?

ಕೆ.ಟಿ. ದೊಡ್ಡಿ, ಗದ್ವಾಲ, ಮಕ್ತಲ್, ನಾರಾಯಣಪೇಟೆ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಪಾಲಕರಾದ ನಾವು, ಶಿಕ್ಷಕರ ಹುದ್ದೆ, ಪಠ್ಯಪುಸ್ತಕ, ಪರೀಕ್ಷೆ ಮೊದಲಾದ ವಿಷಯಗಳನ್ನು ವಾಟ್ಸ್‌ಆ್ಯಪ್, ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಹಂಚಿಕೊಳ್ಳುತ್ತೇವೆ. ಇವು ಊರಕಟ್ಟೆಯಂತೆ ತೋರಿದರೂ ಖಾಸಗಿ ಕಂಪನಿಗಳ ಸೇವೆಗಳು. ಇಲ್ಲಿ ಬರಹವೊಂದು ಮುಖ್ಯವಾಗಿ ಎರಡು ದಾರಿಗಳಲ್ಲಿ ಮರೆಯಾಗಬಹುದು.

ಮೊದಲನೆಯದು, ಕಂಪನಿಯ ಸ್ವಂತ ನಿಯಮ. ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯ ಮುಖ್ಯವಾಗಿ ಸರ್ಕಾರಕ್ಕೆ ಹಾಕಿದ ಕಟ್ಟು. ಕಂಪನಿಯೊಡನೆ ನಮಗಿರುವುದು ಖಾತೆ ತೆರೆಯುವಾಗ ಒಪ್ಪಿದ ಷರತ್ತುಗಳ ಸಂಬಂಧ.

ಎರಡನೆಯದು, ಸರ್ಕಾರದ ಆದೇಶ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ತಡೆಗೆ ಅವಕಾಶ ನೀಡುತ್ತದೆ. ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 66ಎ ಕಲಮನ್ನು ರದ್ದುಪಡಿಸಿತು. 69ಎ ಕಲಮನ್ನು, ಲಿಖಿತ ಕಾರಣ ಮತ್ತು ವಿಚಾರಣೆಯ ರಕ್ಷಣೆಗಳಿವೆಯೆಂದು, ಎತ್ತಿಹಿಡಿಯಿತು. ಆದರೆ 2009ರ ತಡೆ ನಿಯಮಗಳ 16ನೆಯ ನಿಯಮವು ದೂರು ಮತ್ತು ಕ್ರಮಗಳನ್ನು ಗೋಪ್ಯವಾಗಿಡಬೇಕೆನ್ನುತ್ತದೆ. ಹೀಗಾಗಿ ಬರೆದವನಿಗೇ ಕಾರಣ ತಿಳಿಯದಿರುವ ಸಂಭವವುಂಟು.

ಇಂತಹ ತಡೆ ಆದೇಶಗಳನ್ನು ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿಯನ್ನು ವಜಾಗೊಳಿಸಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ‘ಎಕ್ಸ್’ ಎಂದು ಹೆಸರು ಬದಲಿಸಿದ ಅದೇ ಸಂಸ್ಥೆ ‘ಸಹಯೋಗ್’ ಪೋರ್ಟಲ್ ವಿರುದ್ಧ ಸಲ್ಲಿಸಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ವಜಾಗೊಳಿಸಿದರು. 19ನೆಯ ವಿಧಿಯ ಹಕ್ಕು ಪ್ರಜೆಗಳದ್ದು, ವಿದೇಶಿ ಕಂಪನಿಯದ್ದಲ್ಲ ಎಂಬುದು ಆ ತೀರ್ಪಿನ ಒಂದು ಮುಖ್ಯಾಂಶ. ಅದರಿಂದ ನಾವು ಕಲಿಯಬೇಕಾದುದಿಷ್ಟು: ನಮ್ಮ ಮಾತಿನ ಹಕ್ಕನ್ನು ಕಂಪನಿ ಕಾಯುವುದೆಂದು ನಂಬಿ ಕೂರಲಾಗದು, ಕೇಳಬೇಕಾದವರು ನಾವೇ.

ಬರಹ ಅಳಿಸಿದರೆ ಮೊದಲು ಅದರ ಪ್ರತಿ, ದಿನಾಂಕ, ಕಂಪನಿಯ ಸೂಚನೆಗಳನ್ನು ತೆಗೆದಿರಿಸಬೇಕು. 2021ರ ನಿಯಮಗಳಂತೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬಹುದು. 24 ಗಂಟೆಯೊಳಗೆ ಸ್ವೀಕೃತಿ ದೊರೆಯಬೇಕು. ಆತನ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್ ಮೂಲಕವೇ ಮನವಿ ಸಲ್ಲಿಸಬಹುದು.

ಶಾಲೆಯ ಬೇಡಿಕೆಯನ್ನು ಮಾತ್ರ ಜಾಲತಾಣವೊಂದಕ್ಕೇ ಒಪ್ಪಿಸಬಾರದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು 350ಎ ವಿಧಿ ಹೇಳುತ್ತದೆ. 350ಬಿ ವಿಧಿಯಡಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯಿದ್ದಾರೆ. ಜಿಲ್ಲಾಧಿಕಾರಿಗೆ ಕೊಟ್ಟ ಸಹಿಯುಳ್ಳ ಮನವಿ, ಅದರ ಸ್ವೀಕೃತಿಯ ಮೊಹರು: ಇವನ್ನು ಯಾವ ಕಂಪನಿಯೂ ಅಳಿಸಲಾರದು.