ಸಮುದ್ರದ ನೀರಿನ ಉಪ್ಪು ಅಳೆಯೋ ಕತಿ

ನಮ್ಮ ವೈನಿ ಮನ್ಯಾಗಿನ ಸಮುದ್ರದ ಮೀನಿನ ಅಕ್ವೇರಿಯಂ ನೋಡಿದವರೆಲ್ಲಾ ಕೇಳೂದು ಒಂದೇ: “ಇದಕ್ಕ ಉಪ್ಪು ಎಷ್ಟು ಹಾಕ್ತೀರಿ?” ಸಾರಿನ ಉಪ್ಪು ನಾಲಿಗಿಗೆ ತಿಳೀತದ. ಆದ್ರ ಅಲ್ಲಿ ಒಂದು ಕಿಲೋ ನೀರಾಗ ಸುಮಾರು 35 ಗ್ರಾಂ ಉಪ್ಪು ಇರಬೇಕು. ಅದು 30ಕ್ಕ ಇಳಿದ್ರ ಹವಳ ಸೊರಗ್ತಾವ. ಆ ಫರಕು ಯಾರ ನಾಲಿಗಿಗೂ ಹತ್ತೂದಿಲ್ಲ.

ಈ ಅಳತಿ ಕತಿಯೊಳಗ ಮೊದಲಿಗೇ ಒಬ್ಬ ಹೆಣ್ಣುಮಗಳು ಬರ್ತಾಳ, ಅದು ನನಗ ಭಾಳ ಖುಷಿ. ಅಲೆಕ್ಸಾಂಡ್ರಿಯಾದಾಗ ಗಣಿತ ಕಲಿಸ್ತಿದ್ದ ಹೈಪೇಷಿಯಾ. ಐದನೇ ಶತಮಾನದ ಸುರುವಿನ್ಯಾಗ ಆಕಿ ಶಿಷ್ಯ ಸಿನೇಸಿಯಸ್ ಪತ್ರ ಬರೆದು, ನೀರಿನ ತೂಕ ನೋಡೋ ಒಂದು ಸಾಧನ ಮಾಡಿಸಿಕೊಡ್ರಿ ಅಂತ ಕೇಳ್ಯಾನ. ಒಂದು ಕೊಳವಿ, ಮೈಮ್ಯಾಲೆ ಗೀರು, ತಳಕ್ಕ ಭಾರ. ಉಪ್ಪು ಹೆಚ್ಚಿದ್ದ ನೀರು ಭಾರ, ಅದರಾಗ ಕೊಳವಿ ಮ್ಯಾಲೆ ತೇಲ್ತದ. ಇವತ್ತಿನ ಹೈಡ್ರೋಮೀಟರೂ ಇಷ್ಟ ನೋಡ್ರಿ. ಆದ್ರ ನೀರು ಬಿಸಿಯಾದ್ರ ಹಗುರ ಆಗ್ತದ, ಅಳತಿ ತಪ್ತದ.

“ನೀರು ಇಂಗಿಸಿ ಉಳಿದ ಉಪ್ಪು ತೂಗಿದ್ರ ಆತಲ್ಲ?” ಅಂತೀರಿ. ಆಗೂದಿಲ್ರಿ. ಸಮುದ್ರದ ಉಪ್ಪಿನ್ಯಾಗ ಮೆಗ್ನೀಸಿಯಂ ಇರ್ತದ, ಅದು ನೀರನ್ನ ಬಿಗಿಯಾಗಿ ಹಿಡಕೊಂಡಿರ್ತದ. ಬಿಡಸ್ಲಿಕ್ಕೆ ಜೋರು ಉರಿ ಹಚ್ಚಿದ್ರ ಉಪ್ಪಿನ ಭಾಗನೂ ಸ್ವಲ್ಪ ಹಾರಿ ಹೋಗ್ತದ.

ದಾರಿ ಸಿಕ್ಕಿದ್ದು ಚಾಲೆಂಜರ್ ಅನ್ನೋ ಹಡಗಿನಿಂದ. 1872ರಿಂದ 1876ರ ತನಕ ಲೋಕದ ಸಮುದ್ರಗಳನ್ನ ಸುತ್ತಿ ಅದು ತಂದ ನೀರಿನ್ಯಾಗ 77 ಮಾದರಿಗಳನ್ನ ಡಿಟ್ಮರ್ ಅನ್ನೋ ರಸಾಯನಶಾಸ್ತ್ರಜ್ಞ ಪರೀಕ್ಷಾ ಮಾಡಿದ. ಉಪ್ಪು ಒಟ್ಟು ಎಷ್ಟೇ ಇರ್ಲಿ, ಅದರೊಳಗಿನ ಒಂದೊಂದರ ಪಾಲು ಎಲ್ಲಾ ಕಡೆ ಹೆಚ್ಚೂ ಕಮ್ಮಿ ಒಂದೇ! ಅಂದ್ರ ಕ್ಲೋರೈಡ್ ಒಂದನ್ನ ಅಳೆದ್ರ ಸಾಕು, ಉಳಿದದ್ದು ಲೆಕ್ಕದಿಂದ ಬರ್ತದ.

ಆದ್ರ ಊರಿಗೊಂದು ಅಳತಿ ಆದ್ರ ಹೆಂಗ? ತಕ್ಕಡಿ ಕಲ್ಲಿಗೆ ಸರಕಾರದ ಮುದ್ರಿ ಇದ್ದಂಗ ನೀರಿಗೂ ಒಂದು ಬೇಕಾತು. ಡೆನ್ಮಾರ್ಕಿನ ಮಾರ್ಟಿನ್ ಕ್ನುಡ್ಸೆನ್ 1901ರಾಗ ಲೆಕ್ಕದ ಕೋಷ್ಟಕ ಅಚ್ಚು ಹಾಕಿಸಿದ. ಆ ಕಾಲದಿಂದನ, ಉಪ್ಪು ಎಷ್ಟದ ಅಂತ ಖಾತ್ರಿ ಮಾಡಿದ ಸಮುದ್ರದ ನೀರನ್ನ ಗಾಜಿನ ನಳಿಗ್ಯಾಗ ತುಂಬಿ, ಬಾಯಿ ಕರಗಿಸಿ ಮುಚ್ಚಿ, ಕೋಪನ್‌ಹೇಗನ್ನಿನಿಂದ ದೇಶದೇಶಕ್ಕ ಕಳಿಸ್ಲಿಕ್ಕೆ ಹತ್ತಿದ್ರು. ಮುಂದ ನೀರಿನ್ಯಾಗ ಕರೆಂಟು ಎಷ್ಟು ಸಲೀಸಾಗಿ ಹರೀತದ ಅನ್ನೂದರಿಂದ ಅಳೆಯೋ ಪದ್ಧತಿ ಬಂದು, 1978ರ ಮಾನದಂಡ ಅದರ ಮ್ಯಾಲೆನ ನಿಂತದ. ಇಷ್ಟಾದ್ರೂ ಖಾತ್ರಿ ನೀರಿನ ಜೋಡಿ ತಾಳಿ ನೋಡೂದು ತಪ್ಪಿಲ್ಲ.

ಮನ್ಯಾಗೂ ತಪ್ಪಸ್ಬಾರದು. ಕಣ್ಣಿಗೆ ಹಿಡಿದು ನೋಡೋ ರಿಫ್ರ್ಯಾಕ್ಟೋಮೀಟರನ್ನ ಭಟ್ಟಿ ಇಳಿಸಿದ ನೀರು ಹಾಕಿ ಸೊನ್ನಿಗೆ ಕೂಡಿಸಿ ಸುಮ್ಮನಾಗ್ತಾರ. ಸೊನ್ನಿ ಸರಿ ಇದ್ರ 35 ಸರಿ ಇರ್ತದ ಅಂತ ಏನಿಲ್ಲ. ಭಾಳ ಉಪಕರಣಗಳ ಗೀರು ಬರೇ ಅಡಗಿ ಉಪ್ಪಿನ ನೀರಿಗೆ ಹಾಕಿದ್ದು. ಅದರಾಗ 35 ಕಂಡ್ರ ತೊಟ್ಟಿಯೊಳಗ ಇರೂದು ಸುಮಾರು 33.5!

ಅದಕ್ಕ ಅಡಗಿಮನಿ ಉಪಾಯ ಒಂದದ. ಗ್ರಾಂ ಸರಿಯಾಗಿ ತೋರ್ಸೋ ತಕ್ಕಡಿ ಮ್ಯಾಲೆ 36.5 ಗ್ರಾಂ ಒಣ ಉಪ್ಪು, 963.5 ಗ್ರಾಂ ಭಟ್ಟಿ ಇಳಿಸಿದ ನೀರು ತೂಗಿ ಕರಗಸ್ರಿ. ರಿಫ್ರ್ಯಾಕ್ಟೋಮೀಟರಿನ್ಯಾಗ ಇದು 35ರ ಸಮುದ್ರದ ನೀರಿನಂಗ ಕಾಣ್ತದ, ಮುಳ್ಳನ್ನ... ಅಲ್ಲ, ಗೀರನ್ನ 35ಕ್ಕ ಕೂಡಸ್ರಿ. ಹೈಡ್ರೋಮೀಟರಿಗೆ ಈ ಲೆಕ್ಕ ನಡೆಯೂದಿಲ್ಲ. ಉಳಿದದ್ದನ್ನ ಬಾಟಲಿಗೆ ಹಾಕಿ ಬಾಯಿ ಬಿಗಿಯಾಗಿ ಮುಚ್ಚಿಡ್ರಿ, ಇಲ್ಲಾಂದ್ರ ನೀರು ಆರಿ ಆ ಖಾತ್ರಿ ನೀರ ದಿನಾ ಉಪ್ಪಾಗ್ತಾ ಹೋಗ್ತದ.