ನೋವಿದ್ದಲ್ಲೇ ಮದ್ದು

ಮಾರ್ಫಿನ್ ಅಂದ ತಕ್ಷಣ ನಮಗೆ ನೆನಪಾಗೋದು ಏನು? ಮಂಪರು. ಕಣ್ಣು ಮುಚ್ಚಿ ಮಲಗಿದ ರೋಗಿ. ಅಫೀಮಿನಿಂದ ತೆಗೆದ ಈ ಔಷಧ ಮಿದುಳಿಗೆ ಹೋಗಿ ನೋವನ್ನು ಅಡಗಿಸುತ್ತೆ ಅಂತ ಎಲ್ಲರೂ ನಂಬಿದ್ದರು. ಅದು ಸುಳ್ಳಲ್ಲ. ಆದರೆ ಅರ್ಧ ಸತ್ಯ. ಉಳಿದರ್ಧ ಹೊರಗೆ ಬರೋಕೆ ಒಂದೂಕಾಲು ಶತಮಾನ ಹಿಡೀತು ನೋಡಿ!

1853. ಸ್ಕಾಟ್ಲೆಂಡಿನ ಎಡಿನ್‌ಬರೋ. ಡಾಕ್ಟರ್ ಅಲೆಕ್ಸಾಂಡರ್ ವುಡ್ ಮುಂದೆ ನರಶೂಲೆಯಿಂದ ನರಳುತ್ತಿದ್ದ ವಯಸ್ಸಾದ ಹೆಂಗಸು. ವುಡ್ ಶೆರಿ ಮದ್ಯದಲ್ಲಿ ಮಾರ್ಫಿನ್ ಕರಗಿಸಿದರು. ಸಿರಿಂಜಿನಲ್ಲಿ ತುಂಬಿ, ನೋವಿದ್ದ ಜಾಗಕ್ಕೇ ಚುಚ್ಚಿದರು. ನೋವಿರೋ ನರದ ಮೇಲೇ ಮದ್ದು ಬಿದ್ದರೆ ಅಲ್ಲೇ ಗುಣ ಅನ್ನೋದು ಅವರ ಲೆಕ್ಕ. ನೋವೇನೋ ಹೋಯ್ತು. ಆದರೆ ಆಕೆ ಎಷ್ಟು ಗಾಢ ನಿದ್ದೆಗೆ ಜಾರಿದ್ದರು ಅಂದರೆ, ಎಬ್ಬಿಸೋದೇ ಕಷ್ಟವಾಯ್ತು.

ಆಗ ಎದ್ದು ನಿಂತವರು ಲಂಡನ್ನಿನ ಚಾರ್ಲ್ಸ್ ಹಂಟರ್. ನೋವಿರೋ ಜಾಗ ಬಿಟ್ಟು ಬೇರೆ ಕಡೆ ಚುಚ್ಚಿದರು. ಪರಿಣಾಮ ಅದೇ! ಮದ್ದು ರಕ್ತಕ್ಕೆ ಸೇರಿ ಮೈಯೆಲ್ಲ ಹರಡುತ್ತೆ, ಚುಚ್ಚೋ ಜಾಗಕ್ಕೆ ವಿಶೇಷ ಏನಿಲ್ಲ ಅಂದರು. ಇಬ್ಬರ ನಡುವೆ ದೊಡ್ಡ ಜಗಳ. ಗೆದ್ದವರು ಹಂಟರ್. ವುಡ್ ಲೆಕ್ಕ ಮೂಲೆ ಸೇರಿತು.

1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಅಫೀಮು ಕೂರುವ ಬೀಗ, ಅಂದರೆ ರಿಸೆಪ್ಟರ್ ಪತ್ತೆ ಹಚ್ಚಿದರು. ಎಲ್ಲರ ಗಮನ ಇನ್ನಷ್ಟು ಮಿದುಳಿನ ಕಡೆಗೇ ವಾಲಿತು.

ಆದರೆ 1979ರಲ್ಲಿ ಬ್ರೆಜಿಲ್‌ನಿಂದ ಬೇರೆಯದೇ ಮಾತು ಬಂತು. ಸರ್ಜಿಯೋ ಫೆರೇರಾ ಮತ್ತು ನಾಕಾಮುರಾ, ನೋವು ಹೆಚ್ಚಿಸಿದ್ದ ಇಲಿಯ ಪಾದಕ್ಕೇ ಮಾರ್ಫಿನ್ ಕೊಟ್ಟರು. ನೋವು ಅಲ್ಲೇ ಇಳೀತು. ಮೂಲೆ ಸೇರಿದ್ದ ವುಡ್ ಲೆಕ್ಕಕ್ಕೆ ಮತ್ತೆ ಜೀವ ಬಂತು!

ಇದು ಹೇಗೆ ಸಾಧ್ಯ? ಬೆನ್ನುಹುರಿಯ ಪಕ್ಕದಲ್ಲಿರೋ ನರಗಂಟುಗಳಲ್ಲಿ ಈ ಬೀಗಗಳು ತಯಾರಾಗುತ್ತವೆ. ಅಲ್ಲಿಂದ ನರದ ಎಳೆ ಹಿಡಿದು ಚರ್ಮದವರೆಗೆ, ಕೀಲಿನವರೆಗೆ ಪ್ರಯಾಣ ಮಾಡುತ್ತವೆ. ಊತ ಬಂದ ಕಡೆ ಇನ್ನೂ ಹೆಚ್ಚು ಹೋಗಿ ಸೇರುತ್ತವೆ. ಮದ್ದು ಬಂದು ಬೀಗಕ್ಕೆ ಕೂತರೆ ನೋವಿನ ಸಂದೇಶ ಹೊರಡೋ ಮೊದಲೇ ತಣ್ಣಗಾಗುತ್ತೆ.

ಮನುಷ್ಯರಲ್ಲಿ ಇದನ್ನು ತೋರಿಸಿದವರು ಜರ್ಮನಿಯ ಕ್ರಿಸ್ಟೋಫ್ ಸ್ಟೈನ್. 1991ರಲ್ಲಿ ಪ್ರಕಟವಾದ ಅಧ್ಯಯನ, ಮೊಣಕಾಲು ಆಪರೇಷನ್ ಆದ 52 ರೋಗಿಗಳದ್ದು. ಕೀಲಿನೊಳಗೆ ಕೊಟ್ಟಿದ್ದು ಬರೀ 1 ಮಿಲಿಗ್ರಾಂ ಮಾರ್ಫಿನ್. ಅಷ್ಟನ್ನೇ ರಕ್ತನಾಳಕ್ಕೆ ಕೊಟ್ಟವರಿಗಿಂತ ಇವರಿಗೆ ನೋವು ಕಡಿಮೆ. ಎರಡು ವರ್ಷದ ನಂತರ ಇನ್ನೊಂದು ಬೆರಗು. ಅಫೀಮಿನ ಪ್ರಭಾವ ತಡೆಯೋ ನಲೋಕ್ಸೋನ್ ಮಾತ್ರ ಮೊಣಕಾಲಿಗೆ ಹಾಕಿದಾಗ ನೋವು ಹೆಚ್ಚಾಯ್ತು! ಅರ್ಥ ಇಷ್ಟೇ: ಊತದ ಜಾಗಕ್ಕೆ ಓಡಿಬರೋ ನಮ್ಮ ರೋಗನಿರೋಧಕ ಕಣಗಳೇ ಎಂಡಾರ್ಫಿನ್ ಅನ್ನೋ ಮದ್ದು ಹೊತ್ತು ತರುತ್ತವೆ. ಅಫೀಮಿನ ಅಂಗಡಿ ನಮ್ಮ ಮೈಯೊಳಗೇ ಇದೆ ಸ್ವಾಮಿ.

ಇದರಿಂದ ನಮಗೇನು ಅಂತೀರಾ? ಉಸಿರು ನಿಲ್ಲಿಸೋದು, ಚಟ ಹತ್ತಿಸೋದು, ಎರಡೂ ಮಿದುಳಿನಲ್ಲಿ ಆಗೋ ಅನಾಹುತ. 2021ರಲ್ಲಿ ಅಮೆರಿಕದಲ್ಲಿ ಓಪಿಯಾಯ್ಡ್ ಅತಿಯಾಗಿ 80 ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಕಳ್ಳಮಾರ್ಗದ ಫೆಂಟನಿಲ್. ಮಿದುಳನ್ನು ಮುಟ್ಟದೆ ನೋವು ಕಳೆಯೋ ಮದ್ದು ಸಿಕ್ಕರೆ? ಭೇದಿ ನಿಲ್ಲಿಸೋ ಲೋಪೆರಮೈಡ್ ಕೂಡ ಓಪಿಯಾಯ್ಡೇ. ಡಾಕ್ಟರ್ ಹೇಳಿದಷ್ಟೇ ತಗೊಂಡರೆ ಅದು ಕರುಳಿನ ಕೆಲಸ ಮುಗಿಸುತ್ತೆ, ಮಿದುಳಿನ ತಂಟೆಗೆ ಹೋಗಲ್ಲ.

2017ರಲ್ಲಿ ಬರ್ಲಿನ್ನಿನಲ್ಲಿ ಸ್ಟೈನ್ ತಂಡ, ಊತ ಬಂದ ಆಮ್ಲೀಯ ಜಾಗದಲ್ಲಿ ಮಾತ್ರ ಕೆಲಸ ಮಾಡೋ ಹೊಸ ಅಣುವನ್ನು ಇಲಿಗಳಲ್ಲಿ ಪರೀಕ್ಷಿಸಿ ತೋರಿಸಿತು. ಹಾಗಂತ ಈಗಲೇ ಹಬ್ಬ ಮಾಡೋದು ಬೇಡ. ಇಲಿಯಿಂದ ಮನುಷ್ಯನವರೆಗಿನ ದಾರಿ ದೊಡ್ಡದು. ಮೊಣಕಾಲಿನ ಮಾರ್ಫಿನ್ ಬಗ್ಗೆಯೂ ನಂತರದ ಪರೀಕ್ಷೆಗಳು ಒಂದೇ ಮಾತು ಹೇಳಿಲ್ಲ.

ಹಂಟರ್ ಹೇಳಿದ್ದು ಸರಿ. ವುಡ್ ಊಹೆಯಲ್ಲೂ ಹುರುಳಿತ್ತು. ಗೆದ್ದವರ ಮಾತನ್ನೇ ಪೂರ್ತಿ ಸತ್ಯ ಅಂದುಕೊಂಡು ನಾವು ಕಳೆದದ್ದು ಬರೋಬ್ಬರಿ ನೂರಕ್ಕೂ ಹೆಚ್ಚು ವರ್ಷ!